ಸೈನಿಕನ ಕೈಯ ಭರ್ಜಿ

ದಾಬಸ್‌ಪೇಟೆ ಎಂಬ ಹೆಸರಿನಲ್ಲಿಯೇ ಒಬ್ಬ ಸೇನಾಧಿಕಾರಿ ಅಡಗಿದ್ದಾನೆ. ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರಾಗಿದ್ದ ಕಾಲದಲ್ಲಿ ಈ ಸೀಮೆಯ ಆಡಳಿತದಲ್ಲಿದ್ದ ಡಾಬ್ಸ್ ಎಂಬಾತನ ಹೆಸರು ಜನರ ನಾಲಗೆಯ ಮೇಲೆ ಸವೆದು ಸವೆದು ದಾಬಸ್ ಆಯಿತು. ಸೋಂಪುರ ಹೋಬಳಿಯ ಈ ಪೇಟೆಯನ್ನು ಸೀಳಿಕೊಂಡು ಹೋಗುವ ಹೆದ್ದಾರಿ, ಶಿವಗಂಗೆಯ ಬೆಟ್ಟವನ್ನು ಹಿಂದಕ್ಕೆ ಬಿಟ್ಟು, ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿಗಳನ್ನು ದಾಟಿ ಪುಣೆಯನ್ನು ಸೇರುತ್ತದೆ. ಪುಣೆಯಲ್ಲಿ 2001ರಲ್ಲಿ ಭಾರತೀಯ ಭೂಸೇನೆ ಒಂದು ಕ್ರೀಡಾ ಸಂಸ್ಥೆಯನ್ನು ಕಟ್ಟಿತು. ಕನ್ನಡ ನಾಡಿನ ಇಬ್ಬರು ಭರ್ಜಿ ಎಸೆತಗಾರರ ಕಥೆ ಆ ಸಂಸ್ಥೆಯ ಅಂಗಳದಲ್ಲಿ ಒಂದನ್ನೊಂದು ಸಂಧಿಸುತ್ತದೆ. ಒಬ್ಬರು ಶಿರಸಿ ತಾಲ್ಲೂಕಿನ ಕಾಶಿನಾಥ ನಾಯ್ಕ. ಇನ್ನೊಬ್ಬರು ಬೇಲೂರು ಸೀಮೆಯ ಡಿ. ಪಿ. ಮನು. ಇಬ್ಬರೂ ಮಲೆನಾಡಿನವರು, ಇಬ್ಬರೂ ಸೈನಿಕರು, ಒಬ್ಬರು ಗುರು, ಒಬ್ಬರು ಶಿಷ್ಯ.

ಭರ್ಜಿ ನಮಗೆ ಹೊಸದೇನಲ್ಲ. ಊರೂರಿನ ವೀರಗಲ್ಲುಗಳಲ್ಲಿ ಈಟಿ ಹಿಡಿದು ನಿಂತ ವೀರರನ್ನು ಕಾಣುತ್ತೇವೆ. ಕುಂತ, ತೋಮರ ಮುಂತಾದ ಮಾತುಗಳು ಕಾವ್ಯಗಳ ಯುದ್ಧವರ್ಣನೆಗಳಲ್ಲಿ ಹೇರಳವಾಗಿವೆ. ಆದರೆ ಅಲ್ಲಿಯ ಈಟಿಗೆ ಗುರಿ ಮುಖ್ಯ, ದೂರವಲ್ಲ. ಇಂದಿನ ಕ್ರೀಡೆಯ ಭರ್ಜಿಗೆ ಗುರಿಯೇ ಇಲ್ಲ. ಅದು ಎಷ್ಟು ದೂರ ಹೋಯಿತು, ಮೊನೆ ಮೊದಲು ನೆಲವನ್ನು ಮುಟ್ಟಿತೇ, ಹಾಕಿದ ಗೆರೆಗಳ ನಡುವೆ ಬಿದ್ದಿತೇ, ಇಷ್ಟೇ ಪ್ರಶ್ನೆ. ಶತ್ರುವಿಲ್ಲದ ಈ ಆಯುಧವನ್ನು ಜಗತ್ತಿನಲ್ಲಿ ಬಹುಮಟ್ಟಿಗೆ ಬಾಳಿಸಿಕೊಂಡು ಬಂದವರು ಮಾತ್ರ ಸೈನಿಕರು ಮತ್ತು ಪೊಲೀಸರೇ ಎಂಬುದು ಒಂದು ತಮಾಷೆಯ ಸಂಗತಿ. 1996ರಲ್ಲಿ ಜರ್ಮನಿಯ ಯೆನಾದಲ್ಲಿ 98.48 ಮೀಟರ್ ಎಸೆದು ಸ್ಥಾಪಿಸಿದ ವಿಶ್ವದಾಖಲೆಯನ್ನು ಇಂದಿಗೂ ಯಾರಿಗೂ ಬಿಟ್ಟುಕೊಡದ ಯಾನ್ ಝೆಲೆಜ್ನಿ, ಪ್ರಾಗ್ ನಗರದ ಡುಕ್ಲಾ ಎಂಬ ಸೇನೆಯ ಕ್ಲಬ್ಬಿನಲ್ಲಿ ಬೆಳೆದವನು. 2015ರಲ್ಲಿ ವಿಶ್ವ ಚಾಂಪಿಯನ್ ಆದ ಕೆನ್ಯಾದ ಜೂಲಿಯಸ್ ಯೇಗೊ ಪೊಲೀಸಿನವನು.

ಇದರ ಕಾರಣವನ್ನು ತಿಳಿಯಬೇಕಾದರೆ ಎಸೆತದ ಒಳಗುಟ್ಟನ್ನು ಸ್ವಲ್ಪ ನೋಡಬೇಕು. ಪುರುಷರ ಭರ್ಜಿಯ ತೂಕ 800 ಗ್ರಾಂ, ಒಂದು ಕಿಲೋ ಸಕ್ಕರೆಗಿಂತ ಹಗುರ. ಉದ್ದ ಎರಡೂವರೆ ಮೀಟರಿಗೆ ಮಿಗಿಲು. ಇಷ್ಟು ಹಗುರವಾದದ್ದನ್ನು ಅರ್ಧ ಫರ್ಲಾಂಗಿನ ಹತ್ತಿರಹತ್ತಿರಕ್ಕೆ ಕಳುಹಿಸುವುದು ತೋಳಿನ ಬಲದಿಂದ ಎಂದು ನಾವು ಭಾವಿಸುತ್ತೇವೆ. ತೋಳು ಕೊನೆಯ ಕೊಂಡಿ ಮಾತ್ರ. ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲಿಗೆ ವೇಗ ಬರುವುದು ಬೆರಳುಗಳಿಂದಲ್ಲ, ಬೀಸುವ ಹಗ್ಗದಿಂದ. ಭರ್ಜಿ ಎಸೆತಗಾರನ ದೇಹವೇ ಕವಣೆ. ಆತ ಸುಮಾರು 30 ಮೀಟರಿನ ಪಥದಲ್ಲಿ ಓಡಿ ಬರುತ್ತಾನೆ. ಕೊನೆಯ ಹೆಜ್ಜೆಗಳಲ್ಲಿ ಮೈಯನ್ನು ಅಡ್ಡಕ್ಕೆ ತಿರುಗಿಸಿ, ಕಾಲಿಗೆ ಕಾಲು ಹಾಯಿಸಿ, ಭರ್ಜಿಯನ್ನು ಹಿಂದಕ್ಕೆ ಸೆಳೆದು ಹಿಡಿಯುತ್ತಾನೆ. ಆಮೇಲೆ ಮುಂದಿನ ಕಾಲನ್ನು ಗೂಟದಂತೆ ನೆಲಕ್ಕೆ ಊರಿಬಿಡುತ್ತಾನೆ. ಓಟ ಅಲ್ಲಿಗೆ ನಿಂತಿತು. ಆದರೆ ಓಟದ ವೇಗ ನಿಲ್ಲುವುದಿಲ್ಲ. ಅದು ಸೊಂಟಕ್ಕೆ, ಎದೆಗೆ, ಭುಜಕ್ಕೆ, ಮೊಣಕೈಗೆ ಏರಿ, ಗಂಟೆಗೆ 100 ಕಿಲೋಮೀಟರಿಗೂ ಮಿಗಿಲಾದ ವೇಗವಾಗಿ ಬೆರಳ ತುದಿಯಿಂದ ಹೊರಬೀಳುತ್ತದೆ. ಊರಿದ ಕಾಲು ಎಸೆತಗಾರನ ತೂಕದ ಹಲವು ಪಟ್ಟು ಭಾರವನ್ನು ಆ ಕ್ಷಣದಲ್ಲಿ ಹೊರುತ್ತದೆ. ಮೊಣಕೈ, ಭುಜ, ಸೊಂಟ, ಪಾದದ ಕೀಲು, ಇವುಗಳಲ್ಲಿ ಒಂದಾದರೂ ಪೆಟ್ಟು ತಿನ್ನದ ಎಸೆತಗಾರ ಅಪರೂಪ.

ಇಂಥ ಕಲೆಯನ್ನು ರಾಗಿ ಹೊಲದ ಬದುವಿನಲ್ಲಿಯೋ ಅಡಿಕೆ ತೋಟದ ಅಂಚಿನಲ್ಲಿಯೋ ಆರಂಭಿಸಬಹುದು, ಮುಗಿಸಲಾಗುವುದಿಲ್ಲ. ಉತ್ತಮ ಭರ್ಜಿಯೊಂದಕ್ಕೆ ಲಕ್ಷ ರೂಪಾಯಿಗೂ ಮೀರಿದ ಬೆಲೆಯಿದೆ. ಓಡುವ ಪಥ ಬೇಕು, ಮೊಟ್ಟೆ ಮಾಂಸ ಬೇಕು, ನೋವಾದಾಗ ನೋಡುವ ವೈದ್ಯರು ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಎಂಟು ಹತ್ತು ವರ್ಷ ಏನೂ ಗಳಿಸದಿದ್ದರೂ ಮನೆಯವರು ಬೇಸರಪಡದಂಥ ಒಂದು ಆಧಾರ ಬೇಕು. ಹಳ್ಳಿಯ ಹುಡುಗನಿಗೆ ಇವೆಲ್ಲವೂ ಒಟ್ಟಿಗೆ ದೊರೆಯುವ ಸ್ಥಳ ನಮ್ಮ ದೇಶದಲ್ಲಿ ಬಹುಕಾಲ ಒಂದೇ ಇತ್ತು. ಅದು ಸೇನೆ. ಸಂಬಳ ತಿಂಗಳಿಗೊಮ್ಮೆ ಮನೆಗೆ ಹೋಗುತ್ತದೆ, ಹುಡುಗ ಎಸೆಯುತ್ತಾನೆ.

ಕಾಶಿನಾಥ ನಾಯ್ಕರು ಆ ದಾರಿಯಲ್ಲಿ ಹೋದವರು. 2010ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು 74.29 ಮೀಟರ್ ಎಸೆದು ಕಂಚಿನ ಪದಕ ಪಡೆದರು. ಆ ಕೂಟದ ಚರಿತ್ರೆಯಲ್ಲಿ ಭರ್ಜಿ ಎಸೆತದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಚಿನ್ನ ಗೆದ್ದ ಆಸ್ಟ್ರೇಲಿಯಾದ ಜರಾಡ್ ಬ್ಯಾನಿಸ್ಟರ್ 81.71 ಮೀಟರ್ ಎಸೆದಿದ್ದ. ನಡುವೆ ಏಳು ಮೀಟರಿಗೂ ಹೆಚ್ಚಿನ ಅಂತರ. ಜಗತ್ತಿನ ಲೆಕ್ಕದಲ್ಲಿ 74 ಮೀಟರ್ ದೊಡ್ಡ ಎಸೆತವಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ದಿನಗಳಲ್ಲಿ ನಮ್ಮ ಭರ್ಜಿಯ ಸ್ಥಿತಿ ಏನಿತ್ತೆಂದರೆ, ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರಿಗೆ ಕೊನೆಯ ಪದಕ ಬಂದದ್ದು 1982ರಲ್ಲಿ, ಗುರ್ತೇಜ್ ಸಿಂಗರ ಕಂಚು. ಅಷ್ಟು ದೀರ್ಘವಾದ ಬರಗಾಲದಲ್ಲಿ ಬಿದ್ದ ಒಂದು ಹನಿಯನ್ನು ಹನಿಯೆಂದೇ ಅಳೆಯಬೇಕು, ಹೊಳೆಯೊಡನೆ ಹೋಲಿಸಬಾರದು.

ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಕೆಲಸ ಆ ಪದಕವಲ್ಲ, ಅದರ ನಂತರದ್ದು. ಎಸೆಯುವುದನ್ನು ಬಿಟ್ಟ ಮೇಲೆ ಅವರು ಎಸೆಯುವುದನ್ನು ಕಲಿಸಲು ನಿಂತರು, ರಾಷ್ಟ್ರೀಯ ಶಿಬಿರದಲ್ಲಿ, ಆಮೇಲೆ ಪುಣೆಯ ಸೇನಾ ಸಂಸ್ಥೆಯಲ್ಲಿ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಅನ್ನು ರಾಣಿ ತಮ್ಮ ಆರಂಭದ ವರ್ಷಗಳಲ್ಲಿ ಅವರ ಕೈಕೆಳಗೆ ಕಲಿತವರು. ಆದರೆ ಎಸೆತದ ದೂರವನ್ನು ಅಳೆಯುವ ಟೇಪು ಕಲಿಸಿದವನ ಪಾಲನ್ನು ಅಳೆಯುವುದಿಲ್ಲ. 2021ರ ಆಗಸ್ಟಿನಲ್ಲಿ ಈ ಮಾತು ಬಹಿರಂಗವಾಗಿ, ಅಷ್ಟೇನೂ ಸೊಗಸಲ್ಲದ ರೀತಿಯಲ್ಲಿ ಎಲ್ಲರ ಮುಂದೆ ಬಂತು. ಟೋಕಿಯೋದಲ್ಲಿ ನೀರಜ್ ಚೋಪ್ರಾ 87.58 ಮೀಟರ್ ಎಸೆದು ಒಲಿಂಪಿಕ್ ಚಿನ್ನ ತಂದಾಗ, ಕರ್ನಾಟಕ ಸರ್ಕಾರದ ಅಂದಿನ ಕ್ರೀಡಾ ಸಚಿವರು ಕಾಶಿನಾಥರಿಗೆ 10 ಲಕ್ಷ ರೂಪಾಯಿ ಬಹುಮಾನ ಘೋಷಿಸಿದರು. ಒಡನೆಯೇ ರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಷನ್ನಿನ ಅಂದಿನ ಅಧ್ಯಕ್ಷರು ಆ ಹೆಸರಿನ ತರಬೇತುದಾರ ತಮಗೆ ಗೊತ್ತೇ ಇಲ್ಲವೆಂದರು. 2015ರಿಂದ 2017ರವರೆಗೆ ಶಿಬಿರದಲ್ಲಿ ನೀರಜರಿಗೆ ಕಲಿಸಿದ್ದೇನೆಂದು ಕಾಶಿನಾಥರು ಉತ್ತರ ಕೊಡಬೇಕಾಯಿತು.

ಈ ವಿವಾದದಲ್ಲಿ ಎರಡು ಅತಿಗಳೂ ತಪ್ಪು ಎಂದು ತೋರುತ್ತದೆ. ನೀರಜರಂಥ ಎಸೆತಗಾರನನ್ನು ಒಬ್ಬ ಗುರು ತಯಾರಿಸುವುದಿಲ್ಲ. ಪಾಣಿಪತ್ತಿನಲ್ಲಿ ಭರ್ಜಿ ಹಿಡಿಸಿದವರು ಒಬ್ಬರು, ಪಂಚಕುಲಾದಲ್ಲಿ ತಿದ್ದಿದವರು ಒಬ್ಬರು. 2016ರಲ್ಲಿ ಪೋಲೆಂಡಿನಲ್ಲಿ 86.48 ಮೀಟರ್ ಎಸೆದು ಕಿರಿಯರ ವಿಶ್ವದಾಖಲೆ ಮಾಡಿದಾಗ ಜೊತೆಗಿದ್ದವರು ಆಸ್ಟ್ರೇಲಿಯಾದ ಗ್ಯಾರಿ ಕ್ಯಾಲ್ವರ್ಟ್. ಅನಂತರ ಬಂದವರು ಜರ್ಮನಿಯ ಊವೆ ಹೋನ್. ಈತ 1984ರಲ್ಲಿ 104.80 ಮೀಟರ್ ಎಸೆದು, ಮೈದಾನವೇ ಸಾಲದೇನೋ ಎಂಬ ಭಯ ಹುಟ್ಟಿಸಿದವನು. ಮುಂದೆ 1986ರಲ್ಲಿ ಭರ್ಜಿಯ ಗುರುತ್ವಕೇಂದ್ರವನ್ನೇ ಮುಂದಕ್ಕೆ ಸರಿಸಿ ಅದು ಬೇಗ ನೆಲಕ್ಕೆ ಬಾಗುವಂತೆ ಮಾಡಲಾಯಿತು. ಟೋಕಿಯೋದ ಹೊತ್ತಿಗೆ ಕ್ಲೌಸ್ ಬಾರ್ಟೋನಿಯೆಟ್ಜ್ ಇದ್ದರು. ಇಂಥ ಸಾಲಿನಲ್ಲಿ ಒಂದು ಕೊಂಡಿಯೇ ಇಡೀ ಸರಪಳಿಯೆಂದು ಹೇಳಿಕೊಂಡರೆ ಅತಿಯಾದೀತು. ಹಾಗೆಂದು ಕೊಂಡಿಯೇ ಇರಲಿಲ್ಲವೆನ್ನುವುದು ಅದಕ್ಕಿಂತ ದೊಡ್ಡ ಅತಿ. ಸಂಗೀತಗಾರರ ಮನೆತನಗಳಲ್ಲಿ ಮೊದಲ ಸರಳೆ ಜಂಟಿ ಹೇಳಿಕೊಟ್ಟವರ ಹೆಸರನ್ನೂ ನೆನೆಯುವ ಪದ್ಧತಿಯಿದೆ. ನಮ್ಮ ಕ್ರೀಡೆಗೆ ಅಂಥ ಮರ್ಯಾದೆ ಇನ್ನೂ ಬರಬೇಕಾಗಿದೆ.

ನೀರಜರೂ ಸೈನಿಕರೇ. 2016ರಲ್ಲಿ ರಜಪೂತಾನಾ ರೈಫಲ್ಸ್ ಪಡೆಗೆ ನಾಯಬ್ ಸುಬೇದಾರರಾಗಿ ಸೇರಿದರು. 2025ರಲ್ಲಿ ಪ್ರಾದೇಶಿಕ ಸೇನೆಯ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಪಡೆದರು. ಅವರ ಹೆಸರು ಮನೆಮಾತಾಗಿರುವುದರಿಂದ ಇಲ್ಲಿ ಅವರನ್ನು ಕುರಿತು ಹೆಚ್ಚು ಹೇಳುವುದಿಲ್ಲ. ಅವರ ನೆರಳಿನಲ್ಲಿ ನಿಂತವರ ಕಷ್ಟವೇ ಬೇರೆ. ಡಿ. ಪಿ. ಮನು ಅಂಥವರಲ್ಲಿ ಒಬ್ಬರು.

ಪುಣೆಯಲ್ಲಿ ಕಾಶಿನಾಥರ ಬಳಿ ಕಲಿತ ಮನು 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ 82.28 ಮೀಟರ್ ಎಸೆದು ಐದನೆಯವರಾದರು. ಗುರುವಿಗೆ ಕಂಚು ತಂದುಕೊಟ್ಟ ದೂರಕ್ಕಿಂತ ಎಂಟು ಮೀಟರ್ ಹೆಚ್ಚು ಎಸೆದರೂ ಶಿಷ್ಯನಿಗೆ ಪದಕವಿಲ್ಲ! ಹನ್ನೆರಡು ವರ್ಷಗಳಲ್ಲಿ ಈ ಆಟ ಎಷ್ಟು ಮುಂದೆ ಹೋಯಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ಕೂಟದಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ 90 ಮೀಟರ್ ದಾಟಿದ್ದರು. 2023ರಲ್ಲಿ ಬ್ಯಾಂಕಾಕಿನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಮನು ಅವರಿಗೆ ಬೆಳ್ಳಿ ಬಂತು. ಮರುತಿಂಗಳೇ ಬುಡಾಪೆಸ್ಟ್ ನಗರದ ವಿಶ್ವ ಚಾಂಪಿಯನ್‌ಷಿಪ್‌ನ ಅಂತಿಮ ಸುತ್ತು. ನೀರಜ್ 88.17 ಮೀಟರಿನ ಚಿನ್ನ, ಒಡಿಶಾದ ಕಿಶೋರ್ ಜೇನಾ ಐದನೆಯ ಸ್ಥಾನ, 84.14 ಮೀಟರ್ ಎಸೆದ ಮನು ಆರನೆಯ ಸ್ಥಾನ. ಜಗತ್ತಿನ ಮೊದಲ ಆರರಲ್ಲಿ ಮೂವರು ಭಾರತೀಯರು. ಒಂದು ಕಂಚಿಗಾಗಿ ದಶಕಗಳನ್ನು ಕಾದ ದೇಶದ ಮಟ್ಟಿಗೆ ಆ ರಾತ್ರಿ ಮರೆಯುವಂಥದ್ದಲ್ಲ. ಮನು ಅವರಿಗೆ ಆಗ 23 ವರ್ಷ.

ಮುಂದಿನ ವರ್ಷದ ಪ್ಯಾರಿಸ್ ಒಲಿಂಪಿಕ್ಸಿಗೆ ನೇರ ಅರ್ಹತೆಯ ಗೆರೆ 85.50 ಮೀಟರ್. ಮನು ಅವರ ಅತ್ಯುತ್ತಮ ಎಸೆತಕ್ಕೂ ಅದಕ್ಕೂ ಒಂದು ಮಾರಿಗಿಂತ ಕಡಿಮೆ ಅಂತರ. 2024ರ ಮೇ ತಿಂಗಳಲ್ಲಿ ಭುವನೇಶ್ವರದ ಫೆಡರೇಷನ್ ಕಪ್ ಸ್ಪರ್ಧೆಯಲ್ಲಿ ಅವರು ಮೊದಲ ಸುತ್ತುಗಳಲ್ಲಿ ನೀರಜರಿಗಿಂತ ಮುಂದಿದ್ದು, ಕೊನೆಗೆ 21 ಸೆಂಟಿಮೀಟರುಗಳಿಂದ ಎರಡನೆಯವರಾದರು. ಒಂದು ಗೇಣಿನ ಮಾತು. ಹೀಗೆ ಬಾಗಿಲ ಹೊಸ್ತಿಲಲ್ಲಿ ನಿಂತಿದ್ದವರನ್ನು ಜೂನ್ ಕೊನೆಯ ಹೊತ್ತಿಗೆ ಉದ್ದೀಪನ ಮದ್ದು ತಡೆ ಸಂಸ್ಥೆ ತಾತ್ಕಾಲಿಕವಾಗಿ ಅಮಾನತಿನಲ್ಲಿಟ್ಟಿತು. ಮಾದರಿಯಲ್ಲಿ ಮೀಥೈಲ್‌ಟೆಸ್ಟೋಸ್ಟೆರಾನ್ ಎಂಬ ನಿಷಿದ್ಧ ವಸ್ತು ಕಂಡುಬಂದಿತ್ತು. ಪ್ಯಾರಿಸ್ ತಪ್ಪಿತು. 2025ರಲ್ಲಿ ನಾಲ್ಕು ವರ್ಷಗಳ ನಿಷೇಧ ಖಚಿತವಾಯಿತು.

ಇಂಥ ಸಂದರ್ಭದಲ್ಲಿ ನಮ್ಮ ಪಟ್ಟಣಗಳ ಹರಟೆಕಟ್ಟೆಗಳಲ್ಲಿ ಎರಡೇ ಮಾತು ಕೇಳಿಬರುತ್ತವೆ: ಒಂದು ಪಿತೂರಿ, ಇನ್ನೊಂದು ಮೋಸ. ನಿಯಮ ಇವೆರಡನ್ನೂ ಕೇಳುವುದಕ್ಕೆ ಮೊದಲೇ ಒಂದು ಮಾತು ಹೇಳಿಬಿಡುತ್ತದೆ. ದೇಹದೊಳಗೆ ಏನಿದೆಯೋ ಅದಕ್ಕೆ ಆ ದೇಹದ ಒಡೆಯನೇ ಹೊಣೆ. ಅದು ಹೇಗೆ ಒಳಹೊಕ್ಕಿತೆಂಬ ವಿವರಣೆ ಶಿಕ್ಷೆಯ ಪ್ರಮಾಣವನ್ನು ಬದಲಿಸಬಹುದು, ಅಪರಾಧವನ್ನು ಅಳಿಸುವುದಿಲ್ಲ. ಈ ನಿಯಮ ಕಠೋರ, ಆದರೆ ಅನ್ಯಾಯವೆನ್ನಲಾರೆ. ಬುಡಾಪೆಸ್ಟಿನಲ್ಲಿ ಏಳನೆಯವನಾಗಿ ನಿಂತವನಿಗೂ ಒಂದು ಮನೆ, ಒಂದು ಊರು, ಒಬ್ಬ ಗುರು ಇರುತ್ತಾರೆ. ಅವರೆಲ್ಲರ ನಂಬಿಕೆಯನ್ನು ಕಾಯುವುದೂ ಈ ನಿಯಮವೇ. ಆದರೆ ಸೇನೆಯ ಶಿಸ್ತು ಅನ್ನ, ಅಂಗಳ, ಸಂಬಳಗಳನ್ನು ಕೊಡಬಲ್ಲುದು. ಔಷಧದ ಶೀಶೆಯ ಚೀಟಿಯನ್ನು ಓದುವ ಎಚ್ಚರವನ್ನು ಪ್ರತಿಯೊಬ್ಬ ಹುಡುಗನಲ್ಲಿಯೂ ಬೆಳೆಸುವ ವ್ಯವಸ್ಥೆ ನಮ್ಮಲ್ಲಿ ಎಷ್ಟಿದೆ ಎಂದು ಕೇಳುವ ಹಕ್ಕು ನಮಗಿದೆ. ಭಾರತದ ಅಥ್ಲೆಟಿಕ್ಸಿನಲ್ಲಿ ಹೀಗೆ ಮುರಿದ ಹೆಸರು ಇದೊಂದೇ ಅಲ್ಲ. ವಾಯುಸೇನೆಯ ಭರ್ಜಿ ಎಸೆತಗಾರ ಶಿವಪಾಲ್ ಸಿಂಗ್ ಟೋಕಿಯೋ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿ ಬಂದ ಕೆಲಕಾಲದಲ್ಲೇ ಇಂಥದೇ ನಿಷೇಧಕ್ಕೆ ಗುರಿಯಾದರು.

2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀರಜರ ಹೆಸರಿನಲ್ಲಿಯೇ ಒಂದು ಅಂತರರಾಷ್ಟ್ರೀಯ ಭರ್ಜಿ ಸ್ಪರ್ಧೆ ನಡೆಯಿತು. ಕೆನ್ಯಾದ ಯೇಗೊ ಬಂದಿದ್ದರು, ಶ್ರೀಲಂಕೆಯ ರುಮೇಶ್ ಪತಿರಗೆ ಬಂದಿದ್ದರು, ನೀರಜ್ 86.18 ಮೀಟರ್ ಎಸೆದು ಗೆದ್ದರು. ಕರ್ನಾಟಕದ ನೆಲದಲ್ಲಿ ನಡೆದ ಆ ಸ್ಪರ್ಧೆಯಲ್ಲಿ ಕರ್ನಾಟಕದ ಅತ್ಯುತ್ತಮ ಎಸೆತಗಾರನಿಗೆ ಭರ್ಜಿ ಹಿಡಿಯುವ ಅನುಮತಿ ಇರಲಿಲ್ಲ. ನಿಷೇಧ ಮುಗಿಯುವುದು 2028ರಲ್ಲಿ. ಆಗ ಮನು ಅವರಿಗೆ 28 ವರ್ಷ. ಯೆನಾದಲ್ಲಿ ಆ 98.48 ಮೀಟರ್ ಎಸೆದ ದಿನ ಝೆಲೆಜ್ನಿಗೆ 29 ನಡೆಯುತ್ತಿತ್ತು.