ಕೇಳುವ ಮೊದಲೇ ಬರುವ ಗಾಡಿ

ಪ್ರಶ್ನೆ: ದೊಡ್ಡ ಕಾರ್ಖಾನೆಗಳಲ್ಲಿ ಚಾಲಕನಿಲ್ಲದ ಗಾಡಿಗಳು ಸರಿಯಾದ ಹೊತ್ತಿಗೆ ನಟ್ಟು, ಬೋಲ್ಟುಗಳನ್ನು ತಂದುಕೊಡುತ್ತವಂತೆ. ಅವು ಮುಗಿಯುತ್ತಿವೆ ಎಂದು ತಿಳಿಯುವುದು ಹೇಗೆ?

ಉತ್ತರ: ಮದುವೆ ಊಟದ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಎಲೆಯಲ್ಲಿ ಅನ್ನ ಕಡಿಮೆಯಾದದ್ದನ್ನು ಕಂಡ ಬಡಿಸುವವರು ನೀವು ಕೇಳುವ ಮೊದಲೇ ಪಾತ್ರೆ ಹಿಡಿದು ಬರುತ್ತಾರೆ. ಕಾರ್ಖಾನೆಯಲ್ಲಿ ಹಾಗೆ ಎಲೆಯ ಮೇಲೆ ಕಣ್ಣಿಡುವ ಕೆಲಸ ವೈರ್‌ಲೆಸ್ ಸೆನ್ಸರ್‌ನದು.

ಬಿಡಿಭಾಗಗಳ ಡಬ್ಬಿಗಳನ್ನು ಇಳಿಜಾರಿನ ಕಪಾಟಿನಲ್ಲಿ ಒಂದರ ಹಿಂದೊಂದು ಇಟ್ಟಿರುತ್ತಾರೆ. ಮುಂದಿನ ಡಬ್ಬಿ ಖಾಲಿಯಾಗಿ ಅದನ್ನು ತೆಗೆದಾಗ ಹಿಂದಿನದು ಮುಂದಕ್ಕೆ ಜಾರುತ್ತದೆ, ಅದರ ಜಾಗ ಬರಿದಾಗುತ್ತದೆ. ಅಲ್ಲಿರುವ ಸೆನ್ಸರ್ ಬೆಳಕಿನ ಕಿರಣದಿಂದಲೋ ತೂಕದಿಂದಲೋ ಇದನ್ನು ಗುರುತಿಸಿ, ರೇಡಿಯೊ ಅಲೆಯಲ್ಲಿ ಪುಟ್ಟ ಸಂದೇಶ ಕಳಿಸುತ್ತದೆ. ಗೇಟ್‌ವೇ ಎಂಬ ಪೆಟ್ಟಿಗೆ ಅದನ್ನು ಹಿಡಿದು ಕಂಪ್ಯೂಟರಿಗೆ ದಾಟಿಸುತ್ತದೆ. ಯಾವ ಕಪಾಟಿನಲ್ಲಿ ಯಾವ ಭಾಗ ಎಂಬ ಪಟ್ಟಿ ಕಂಪ್ಯೂಟರಿನಲ್ಲಿ ಇರುತ್ತದೆ. ಆ ಪಟ್ಟಿ ನೋಡಿ ಕಂಪ್ಯೂಟರು ಉಗ್ರಾಣಕ್ಕೆ ಬೇಡಿಕೆ ಸಲ್ಲಿಸಿ, ಗಾಡಿಗೆ ದಾರಿ ಹೇಳುತ್ತದೆ.

ಸೆನ್ಸರ್ ಬಹುಪಾಲು ಹೊತ್ತು ನಿದ್ರಿಸುತ್ತಿದ್ದು, ಬದಲಾವಣೆ ಕಂಡಾಗ ಮಾತ್ರ ಎಚ್ಚೆತ್ತು ಸಂದೇಶ ಕಳಿಸುತ್ತದೆ. ಹಾಗಾಗಿ ಪುಟ್ಟ ಬ್ಯಾಟರಿಯೂ ವರ್ಷಗಟ್ಟಲೆ ಬಾಳುತ್ತದೆ. ತಂತಿಯ ಹಂಗಿಲ್ಲದ್ದರಿಂದ ಕಪಾಟನ್ನು ಬೇಕಾದಲ್ಲಿಗೆ ಸರಿಸಬಹುದು.

ಈ ಪದ್ಧತಿಯ ಬೇರು ಜಪಾನಿನಲ್ಲಿದೆ. ಟೊಯೊಟಾ ಕಾರ್ಖಾನೆಯಲ್ಲಿ ತೈಚಿ ಓನೊ 1953ರಲ್ಲಿ 'ಕಾನ್‌ಬಾನ್' ಚೀಟಿಗಳನ್ನು ಬಳಕೆಗೆ ತಂದರು. ಭಾಗ ಖರ್ಚಾದಂತೆ ಚೀಟಿ ಹಿಂದಿನ ವಿಭಾಗಕ್ಕೆ ಹೋಗಿ ಹೊಸದನ್ನು ತರಿಸುತ್ತಿತ್ತು. ಅಂದು ಚೀಟಿ ಒಯ್ಯುತ್ತಿದ್ದ ಸುದ್ದಿಯನ್ನೇ ಇಂದು ರೇಡಿಯೊ ಅಲೆ ಕ್ಷಣಾರ್ಧದಲ್ಲಿ ಮುಟ್ಟಿಸುತ್ತಿದೆ.