ಮತವಿಲ್ಲದವರ ಕಣ್ಣಲ್ಲಿ ಇಟಲಿಯ ಪಕ್ಷಗಳು

ಪೋ ನದಿಯ ಬಯಲಿನ ಹೈನು ಕೊಟ್ಟಿಗೆಗಳಲ್ಲಿ ಇವತ್ತು ದುಡಿಯುವವರಲ್ಲಿ ಪಂಜಾಬಿನಿಂದ ಹೋದ ಸಿಖ್ಖರು ಬಹಳ. ಇಟಲಿಯ ಮನೆಗಳಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವವರಲ್ಲಿ ರುಮೇನಿಯಾ, ಉಕ್ರೇನ್‌ಗಳ ಹೆಂಗಸರು ಹೆಚ್ಚು. ಹೀಗೆ ಸುಮಾರು 50 ಲಕ್ಷ ವಿದೇಶಿಯರು ಆ ದೇಶದಲ್ಲಿ ನೆಲೆಸಿದ್ದಾರೆ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬಂದವರಿಗಂತೂ ಅಲ್ಲಿನ ರಾಜಕಾರಣ ತಿಳಿಯದಿದ್ದರೆ ಆಗುವುದಿಲ್ಲ. ಅವರ ವಾಸದ ಪರವಾನಗಿಯ ನಿಯಮಗಳು ಸರ್ಕಾರಗಳ ಜೊತೆಗೇ ಬದಲಾಗುತ್ತವೆ. ತಿಳಿಯಲು ಹೊರಟವರಿಗೆ ಮೊದಲು ತೊಡಕಾಗುವುದು ಪಕ್ಷಗಳ ಹೆಸರುಗಳೇ.

ಎರಡನೇ ಮಹಾಯುದ್ಧದ ನಂತರ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಕ್ರಿಶ್ಚಿಯನ್ ಡೆಮಾಕ್ರಸಿ ಪಕ್ಷವಿಲ್ಲದ ಸರ್ಕಾರವೇ ಅಲ್ಲಿರಲಿಲ್ಲ. ಎದುರಿಗೆ ಪಶ್ಚಿಮ ಯುರೋಪಿನ ಅತಿ ದೊಡ್ಡ ಕಮ್ಯುನಿಸ್ಟ್ ಪಕ್ಷ. ಬರ್ಲಿನ್ ಗೋಡೆ ಉರುಳಿದ ಮೇಲೆ, 1991ರಲ್ಲಿ, ಕಮ್ಯುನಿಸ್ಟರು ತಮ್ಮ ಪಕ್ಷವನ್ನು ತಾವೇ ವಿಸರ್ಜಿಸಿದರು. ಮರುವರ್ಷ ಫೆಬ್ರವರಿಯಲ್ಲಿ ಮಿಲಾನ್‌ನ ವೃದ್ಧಾಶ್ರಮವೊಂದರ ಮುಖ್ಯಸ್ಥ, ಸಮಾಜವಾದಿ ಪಕ್ಷದ ಮಾರಿಯೊ ಕಿಯೇಸಾ, ಲಂಚ ಪಡೆಯುವಾಗಲೇ ಸಿಕ್ಕಿಬಿದ್ದ. ಆ ತನಿಖೆಯ ಎಳೆ ಎಳೆದಂತೆ ದೊಡ್ಡ ನಾಯಕರ ಹೆಸರುಗಳೇ ಹೊರಬಂದವು. 1994ರ ಕೊನೆಯ ಹೊತ್ತಿಗೆ ಕ್ರಿಶ್ಚಿಯನ್ ಡೆಮಾಕ್ರಸಿಯೂ ಸಮಾಜವಾದಿ ಪಕ್ಷವೂ ಇರಲಿಲ್ಲ. ತೆರವಾದ ಜಾಗಕ್ಕೆ ಟಿವಿ ವಾಹಿನಿಗಳ ಒಡೆಯ ಸಿಲ್ವಿಯೊ ಬೆರ್ಲುಸ್ಕೋನಿ ಹೊಸ ಪಕ್ಷ ಕಟ್ಟಿಕೊಂಡು ಬಂದು, ಅದೇ ವರ್ಷ ಪ್ರಧಾನಿಯಾದರು.

ಹಾಗಾಗಿ ಹೆಸರನ್ನು ಬಿಟ್ಟು ವಂಶ ಹಿಡಿದು ಹುಡುಕುವುದೇ ಸರಿಯಾದ ದಾರಿ. 2007ರಲ್ಲಿ ಹುಟ್ಟಿದ ಡೆಮಾಕ್ರಟಿಕ್ ಪಾರ್ಟಿಯಲ್ಲಿ ಹಳೆಯ ಕಮ್ಯುನಿಸ್ಟರೂ ಕ್ರಿಶ್ಚಿಯನ್ ಡೆಮಾಕ್ರಸಿಯ ಎಡಪಂಥೀಯರೂ ಸೇರಿಕೊಂಡಿದ್ದಾರೆ. ಜೋರ್ಜಾ ಮೆಲೋನಿಯವರ ‘ಫ್ರಾತೆಲ್ಲಿ ದಿತಾಲಿಯಾ’ ಸ್ಥಾಪನೆಯಾದದ್ದು 2012ರಲ್ಲಿ. ಆದರೆ ಅದರ ಚಿಹ್ನೆಯಲ್ಲಿರುವ ಮೂರು ಬಣ್ಣದ ಜ್ವಾಲೆ, ಮುಸೊಲಿನಿಯ ಅನುಯಾಯಿಗಳು 1946ರಲ್ಲಿ ಕಟ್ಟಿದ ಪಕ್ಷದ್ದು. ಲೇಗಾ ಪಕ್ಷ ಉತ್ತರ ಇಟಲಿಯನ್ನು ಬೇರೆ ಮಾಡಬೇಕೆಂದು ದಕ್ಷಿಣದವರನ್ನು ಹೀಗಳೆಯುತ್ತಿತ್ತು. ಮತ್ತೇಓ ಸಾಲ್ವೀನಿ ನಾಯಕರಾದ ಮೇಲೆ ಆ ಕೋಪವನ್ನು ವಲಸಿಗರ ಕಡೆ ತಿರುಗಿಸಿ, ದಕ್ಷಿಣದಲ್ಲೂ ಮತ ಕೇಳತೊಡಗಿತು. ಹಾಸ್ಯನಟ ಬೆಪ್ಪೆ ಗ್ರಿಲ್ಲೊ 2009ರಲ್ಲಿ ಶುರುಮಾಡಿದ ಫೈವ್ ಸ್ಟಾರ್ ಚಳವಳಿಗೆ ಮಾತ್ರ ಇಂಥ ಹಳೆಯ ಬೇರಿಲ್ಲ.

ಇಷ್ಟು ತಿಳಿದರೂ 2018ರಿಂದ 2022ರವರೆಗಿನ ಕಾಲ ಹೊರಗಿನವರನ್ನು ಕಂಗೆಡಿಸುತ್ತದೆ. ಆಗ ಒಂದೇ ಸಂಸತ್ತಿನಿಂದ ಮೂರು ಸರ್ಕಾರಗಳು ಹುಟ್ಟಿದವು. ಮೊದಲನೆಯದರಲ್ಲಿ ಫೈವ್ ಸ್ಟಾರ್ ಜೊತೆ ಲೇಗಾ, ಎರಡನೆಯದರಲ್ಲಿ ಲೇಗಾದ ಎದುರಾಳಿ ಡೆಮಾಕ್ರಟಿಕ್ ಪಾರ್ಟಿ. ಪ್ರಧಾನಿ ಮಾತ್ರ ಅದೇ ಜುಸೆಪ್ಪೆ ಕೊಂತೆ! 2021ರಲ್ಲಿ ಅಧ್ಯಕ್ಷ ಮತ್ತರೆಲ್ಲಾ ಅರ್ಥತಜ್ಞ ಮಾರಿಯೊ ದ್ರಾಗಿಯವರನ್ನು ಕರೆದಾಗ ದೊಡ್ಡ ಪಕ್ಷಗಳೆಲ್ಲ ಅವರ ಬೆನ್ನಿಗೆ ನಿಂತವು. ಹೊರಗೆ ಉಳಿದದ್ದು ಮೆಲೋನಿ ಪಕ್ಷ. 2018ರಲ್ಲಿ ಶೇ. 4ರಷ್ಟಿದ್ದ ಅದರ ಮತ 2022ರಲ್ಲಿ ಶೇ. 26ಕ್ಕೆ ಏರಿತು.

ಈ ಕೂಡಿಕೆ, ಬೇರ್ಪಡಿಕೆಗಳ ಪೆಟ್ಟು ವಲಸಿಗರ ಮೇಲೆ ನೇರವಾಗಿ ಬಿತ್ತು. 2018ರಲ್ಲಿ ಗೃಹಸಚಿವ ಸಾಲ್ವೀನಿ ತಂದ ಸುಗ್ರೀವಾಜ್ಞೆ ಮಾನವೀಯ ಕಾರಣಕ್ಕೆ ಕೊಡುತ್ತಿದ್ದ ಪರವಾನಗಿಯನ್ನು ತೆಗೆದುಹಾಕಿತು. ಪೌರತ್ವದ ಅರ್ಜಿಯ ವಿಲೇವಾರಿಗಿದ್ದ ಎರಡು ವರ್ಷದ ಗಡುವನ್ನು ನಾಲ್ಕಕ್ಕೆ ಹಿಗ್ಗಿಸಿತು. 2020ರಲ್ಲಿ ಎರಡನೇ ಕೊಂತೆ ಸರ್ಕಾರ ಆ ಪರವಾನಗಿ ಕೊಡುತ್ತಿದ್ದ ರಕ್ಷಣೆಯನ್ನು ಬೇರೊಂದು ರೂಪದಲ್ಲಿ ಮರಳಿಸಿ, ಗಡುವನ್ನು ಗರಿಷ್ಠ ಮೂರು ವರ್ಷಕ್ಕೆ ಇಳಿಸಿತು. ಆ ರಕ್ಷಣೆಯನ್ನು ಮೆಲೋನಿ ಸರ್ಕಾರ 2023ರಲ್ಲಿ ಮತ್ತೆ ಕಿರಿದುಗೊಳಿಸಿತು. ಮನೆ ಬಾಡಿಗೆ, ಮಕ್ಕಳ ಶಾಲೆ, ಊರಿಗೆ ಹಣ ಕಳಿಸುವುದು, ಎಲ್ಲವೂ ಪರವಾನಗಿಯ ಮೇಲೆ ನಿಂತಿರುವವರಿಗೆ ಇದು ಸಣ್ಣ ಮಾತಲ್ಲ.

ಐರೋಪ್ಯ ಒಕ್ಕೂಟದ ಪ್ರಜೆಗಳಿಗೆ ಅಲ್ಲಿನ ಸ್ಥಳೀಯ ಚುನಾವಣೆಯಲ್ಲಾದರೂ ಮತವಿದೆ. ಭಾರತೀಯರಂಥವರಿಗೆ ಅದೂ ಇಲ್ಲ. 1992ರ ಕಾನೂನಿನಂತೆ ಅವರು ಪೌರತ್ವ ಕೇಳಲು ಹತ್ತು ವರ್ಷ ಸತತವಾಗಿ ನೆಲೆಸಿರಬೇಕು. ಇತ್ತ ಅರ್ಜೆಂಟೀನಾದಲ್ಲಿ ಹುಟ್ಟಿ ಬೆಳೆದ ಇಟಾಲಿಯನ್ ಪಾಸ್‌ಪೋರ್ಟಿನವರು ಅಂಚೆಯಲ್ಲಿ ಮತ ಹಾಕಿ, ರೋಮ್‌ಗೆ ತಮ್ಮ ಪ್ರತಿನಿಧಿಗಳನ್ನೂ ಕಳಿಸುತ್ತಾರೆ. ನನಗಿದು ನ್ಯಾಯವೆನಿಸುವುದಿಲ್ಲ. ಹತ್ತನ್ನು ಐದಕ್ಕೆ ಇಳಿಸಲು 2025ರ ಜೂನ್‌ನಲ್ಲಿ ಜನಮತಗಣನೆ ನಡೆಯಿತು. ಮತ ಹಾಕಿದವರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಒಪ್ಪಿದರು. ಆದರೆ ಫಲಿತಾಂಶ ಊರ್ಜಿತವಾಗಲು ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮತಗಟ್ಟೆಗೆ ಬರಬೇಕಿತ್ತು, ಬಂದವರು ಶೇ. 30ರ ಆಸುಪಾಸು.