ಹುಬ್ಬಿನಿಂದ ಶುರುವಾಗುವ ವೃತ್ತಿ

ಬ್ಯೂಟಿಷಿಯನ್ ಕೆಲಸ ಕಲಿಯಲು ಸೇರಿದ ಹುಡುಗಿಗೆ ಮೊದಮೊದಲು ಯಾರೂ ತಮ್ಮ ಮುಖ ಕೊಡುವುದಿಲ್ಲ. ಹತ್ತಿ ದಾರದ ರೀಲು ಹಿಡಿದು, ಬಟ್ಟೆಯನ್ನು ಮೊಣಕಾಲಿನವರೆಗೆ ಏರಿಸಿಕೊಂಡು, ತನ್ನದೇ ಕಾಲಿನ ರೋಮ ಕೀಳುತ್ತ ಕೂರಬೇಕು. ದಾರದ ಒಂದು ತುದಿ ಹಲ್ಲಿನಲ್ಲಿ, ನಡುವೆ ಹತ್ತಾರು ಸುತ್ತಿನ ಹುರಿ, ಉಳಿದದ್ದು ಎರಡೂ ಕೈಬೆರಳುಗಳಲ್ಲಿ. ಬೆರಳು ಅಗಲಿಸಿದಂತೆ ಹುರಿ ಸರಿದು ಕೂದಲನ್ನು ಹಿಡಿದು ಬುಡಸಮೇತ ಎತ್ತುತ್ತದೆ. ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಎಳೆಯಬೇಕು. ಕೈ ಓರೆಯಾದರೆ ಚರ್ಮ ಸಿಕ್ಕಿ ಗೆರೆ ಬೀಳುತ್ತದೆ. ಒಂದೇ ಒಂದು ಸಾಲು ಹೆಚ್ಚು ಹೋದರೂ ಹುಬ್ಬಿನ ಬಾಗು ಕೆಡುತ್ತದೆ. ಅದು ಮತ್ತೆ ಬೆಳೆಯುವತನಕ ಗಿರಾಕಿ ಬೀದಿಯಲ್ಲಿ ಎದುರಾದಾಗಲೆಲ್ಲ ತಲೆ ತಗ್ಗಿಸಿಕೊಂಡೇ ಹೋಗಬೇಕು. ಈಗೀಗ ದಾರವನ್ನು ಹಲ್ಲಿನ ಬದಲು ಕುತ್ತಿಗೆಗೆ ಸುತ್ತಿಕೊಳ್ಳುವುದನ್ನು ಕಲಿಸುತ್ತಾರೆ. ಎಂಜಲು ದಾರ ಇನ್ನೊಬ್ಬರ ಮುಖಕ್ಕೆ ತಾಗುವುದು ತಪ್ಪಿತು, ಒಳ್ಳೆಯದೇ ಆಯಿತು.

ಸಣ್ಣ ಊರುಗಳಲ್ಲಿ ಐಬ್ರೋಗೆ ಈಗಲೂ 50 ರೂಪಾಯಿ ಆಸುಪಾಸು. ಲಾಭದ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೂ ಈ ವೃತ್ತಿ ನಿಂತಿರುವುದೇ ಹುಬ್ಬಿನ ಮೇಲೆ ಎಂದು ನನ್ನ ಅಂದಾಜು. ಫೇಶಿಯಲ್‌ಗೆ ವರ್ಷಕ್ಕೊಮ್ಮೆ ಬರುವವಳು ಹುಬ್ಬಿಗೆ ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಬರುತ್ತಾಳೆ. ಶೇಪ್ ಹಿಡಿಸಿದರೆ ಆಮೇಲೆ ಹೇರ್ ಕಟ್, ವ್ಯಾಕ್ಸಿಂಗ್, ತಂಗಿಯ ನಿಶ್ಚಿತಾರ್ಥ, ಕಡೆಗೆ ಮಗಳ ಮದುವೆಯ ಮೇಕಪ್ಪು. ನುರಿತವರು ದುಡ್ಡು ಸಿಗುತ್ತದೆಂದು ಬಂದವರ ಹುಬ್ಬಿಗೆಲ್ಲ ಕೈ ಹಾಕುವುದಿಲ್ಲ. ‘ಗ್ರೋತ್ ಬಂದಿಲ್ಲ, ಇನ್ನೊಂದು ವಾರ ಬಿಟ್ಟು ಬನ್ನಿ’ ಎಂದು ಕಳಿಸುತ್ತಾರೆ. ಹಾಗೆ ಕಳಿಸಿದವರ ಬಳಿಗೇ ಜನ ತಿರುಗಿ ಬರುತ್ತಾರೆ.

ಕಲಿಯುವ ದಾರಿಗಳು ಹಲವು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಗಳಲ್ಲಿ ಒಂದು ವರ್ಷದ ಕಾಸ್ಮೆಟಾಲಜಿ ಕೋರ್ಸು ಇದೆ. ನಗರದ ಖಾಸಗಿ ಅಕಾಡೆಮಿಗಳಲ್ಲಿ ಲಕ್ಷಗಟ್ಟಲೆ ಫೀಸು. ಅಲ್ಲಿ ಕೆಲವೆಡೆ ಸಿಡೆಸ್ಕೊ ಡಿಪ್ಲೊಮಾವನ್ನೂ ಕೊಡಿಸುತ್ತಾರೆ. 1946ರಲ್ಲಿ ಯುರೋಪಿನಲ್ಲಿ ಹುಟ್ಟಿದ ಈ ಸಂಸ್ಥೆಯ ಕಾಗದಕ್ಕೆ ಕ್ರೂಸ್ ಹಡಗು, ವಿದೇಶಿ ಸ್ಪಾಗಳಲ್ಲಿ ಬೆಲೆಯಿದೆ. ತಾಲ್ಲೂಕು ಮಟ್ಟದಲ್ಲಿ ಅಂಗಡಿ ಇಡುವವಳಿಗೆ ಅದರ ಹಂಗಿಲ್ಲ.

ನಮ್ಮ ರಾಜ್ಯದ ಹಳ್ಳಿಯ ಹೆಣ್ಣುಮಕ್ಕಳಿಗೆ ನಿಜವಾಗಿ ಬಾಗಿಲು ತೆರೆದದ್ದು ಉಜಿರೆಯ ರುಡ್‌ಸೆಟ್ ಸಂಸ್ಥೆ. ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆಗೂಡಿ ಇದು 1982ರಲ್ಲಿ ಆರಂಭವಾಯಿತು. (ಆ ಎರಡು ಬ್ಯಾಂಕುಗಳು 2020ರಲ್ಲಿ ಒಂದೇ ಆದವು.) ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿಯ ಜೊತೆಗೆ ಸುಮಾರು ಒಂದು ತಿಂಗಳ ಬ್ಯೂಟಿ ಪಾರ್ಲರ್ ತರಬೇತಿಯೂ ಅಲ್ಲಿದೆ, ಊಟ, ವಸತಿ, ಪಾಠ ಎಲ್ಲವೂ ಉಚಿತ. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನು ಬಿಡದೆ ‘ಅಂಗಡಿ ಇಟ್ಟಿರಾ? ಸಾಲ ಸಿಕ್ಕಿತಾ?’ ಎಂದು ವಿಚಾರಿಸುತ್ತಾರೆ. ದೇಶದ ಜಿಲ್ಲೆಗಳಲ್ಲೆಲ್ಲ ಇರುವ ಆರ್‌ಸೆಟಿಗಳು, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು, ಈ ಮಾದರಿಯಲ್ಲೇ ಹುಟ್ಟಿದವು. ಒಂದು ಕುರ್ಚಿ, ಕನ್ನಡಿ, ವ್ಯಾಕ್ಸ್ ಹೀಟರು, ಸ್ಟೀಮರು ಕೊಳ್ಳಲು ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿವರೆಗೆ ಸಿಗುತ್ತದೆ. ಒಂದು ತಿಂಗಳಲ್ಲಿ ಕೈ ಕುದುರುತ್ತದೆಯೇ ಎಂದರೆ, ಇಲ್ಲ. ಆಮೇಲೆ ಒಂದೆರಡು ವರ್ಷ ಯಾವುದಾದರೂ ಪಾರ್ಲರಿನಲ್ಲಿ ಕೂದಲು ಗುಡಿಸಿ, ಟವೆಲು ಒಗೆದು, ಅಕ್ಕನ ಕೈ ನೋಡಿ ಕಲಿಯುವುದಿದ್ದೇ ಇದೆ.

ಹಿಂದೆ ಬೆಂಗಳೂರಿನಂಥ ನಗರಗಳಲ್ಲಿ ಪಾರ್ಲರ್ ಎಂದರೆ ಹೆಚ್ಚಾಗಿ ಚೀನಾ ಮೂಲದ ಕುಟುಂಬಗಳವು, ಕಂಟೋನ್ಮೆಂಟಿನ ಹೆಂಗಸರಿಗಾಗಿ ಇದ್ದವು. 1970ರ ದಶಕದ ಆರಂಭದಲ್ಲಿ ಸೌಂದರ್ಯತಜ್ಞೆ ಶಹನಾಜ್ ಹುಸೇನ್ ದೆಹಲಿಯ ತಮ್ಮ ಮನೆಯ ವರಾಂಡದಲ್ಲೇ ಕ್ಲಿನಿಕ್ ತೆರೆದು, ಅದನ್ನು ಊರೂರಿಗೆ ಹಬ್ಬಿಸಿದರು. 2006ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಬಡಾವಣೆಗಳಲ್ಲಿ ಮನೆಯ ಮುಂದಿನ ಕೋಣೆಗೆ ಪರದೆ ಕಟ್ಟಿ ‘ಮಹಿಳೆಯರಿಗೆ ಮಾತ್ರ’ ಎಂದು ಬೋರ್ಡು ಹಾಕಿದವರದೂ ಅದೇ ಜಾಡು. ಇದರಲ್ಲೊಂದು ವಿಚಿತ್ರವಿದೆ. ಕ್ಷೌರವನ್ನು ಒಂದು ಸಮುದಾಯದ ಕೊರಳಿಗೆ ಕಟ್ಟಿ, ಜೊತೆಗೆ ಅವಮಾನವನ್ನೂ ಕಟ್ಟಿದ ಸಮಾಜ ನಮ್ಮದು. ಅದೇ ಸಮಾಜದಲ್ಲಿ, ಪಾರ್ಲರ್ ಎಂಬ ಹೆಸರು ಬಂದದ್ದೇ, ಎಲ್ಲ ಜಾತಿಯ ಹೆಣ್ಣುಮಕ್ಕಳೂ ಅಪರಿಚಿತರ ಪಾದ ತಿಕ್ಕಿ ಉಗುರು ಕತ್ತರಿಸಲು ಕೂತರು. ಯಾವ ಚಳವಳಿಯೂ ಇಲ್ಲದೆ ಆದ ಬದಲಾವಣೆ ಇದು. ಹಾಗೆಂದು ಗಂಡಸರು ಎಲ್ಲ ಕಡೆ ಜಾಗ ಬಿಟ್ಟುಕೊಡಲಿಲ್ಲ. ಮುಂಬಯಿ ಸಿನಿಮಾ ರಂಗದ ಮೇಕಪ್ ಕಲಾವಿದರ ಸಂಘ ಹೆಂಗಸರನ್ನು ಹೇರ್ ಡ್ರೆಸ್ಸರ್ ಆಗಿ ಮಾತ್ರ ಸೇರಿಸಿಕೊಳ್ಳುತ್ತಿತ್ತು, ಮೇಕಪ್ ಕಾರ್ಡು ಕೊಡುತ್ತಿರಲಿಲ್ಲ. ಮೇಕಪ್ ಕಲಾವಿದೆ ಚಾರು ಖುರಾನಾ ಸುಪ್ರೀಂ ಕೋರ್ಟಿನವರೆಗೆ ಹೋಗಿ 2014ರಲ್ಲಿ ಆ ನಿಯಮವನ್ನು ತೆಗೆಸಬೇಕಾಯಿತು.

ಹುಬ್ಬು ಕೈಚಳಕದ ಮಾತಾದರೆ ಮುಂದಿನದು ರಸಾಯನಶಾಸ್ತ್ರ. ಬ್ಲೀಚಿನಲ್ಲಿರುವುದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯಾ. ಕಪ್ಪು ಹೇರ್ ಡೈಯಲ್ಲಿರುವ ಪಿಪಿಡಿ ಎಂಬ ವಸ್ತು ಕೆಲವರಿಗೆ ಒಗ್ಗದೆ ರಾತ್ರೋರಾತ್ರಿ ಮುಖ ಊದಿಸುತ್ತದೆ. 48 ಗಂಟೆ ಮೊದಲೇ ಕಿವಿಯ ಹಿಂದೆ ಚೂರು ಹಚ್ಚಿ ನೋಡಬೇಕೆನ್ನುವುದು ಅದಕ್ಕೇ. ‘ಐದು ವರ್ಷದಿಂದ ಹಚ್ಚುತ್ತಿದ್ದೇನೆ, ಏನೂ ಆಗಲ್ಲ’ ಎನ್ನುವ ಗಿರಾಕಿಗೂ ಆರನೆಯ ವರ್ಷ ಅಲರ್ಜಿ ಬರಬಹುದು. ಇದಕ್ಕಿಂತ ಕೆಟ್ಟದ್ದು ಬೆಳ್ಳಗಾಗುವ ಹುಚ್ಚು. ಸ್ಟೀರಾಯ್ಡ್ ಮುಲಾಮು ಬೆರೆಸಿದ ‘ಫಾರ್ಮುಲಾ ಕ್ರೀಮು’ ಹಚ್ಚಿದರೆ ಮುಖ ವಾರದಲ್ಲೇ ಹೊಳೆಯುತ್ತದೆ. ತಿಂಗಳುಗಳಲ್ಲಿ ಚರ್ಮ ತೆಳುವಾಗಿ, ನರ ಕೆಂಪಗೆ ಕಂಡು, ಬಿಟ್ಟರೆ ಉರಿ, ಹಚ್ಚಿದರೆ ಮೊಡವೆ. ಕೇರಳದ ಮಲಪ್ಪುರಂನಲ್ಲಿ ಪಾದರಸವಿದ್ದ ಬೆಳ್ಳಗಾಗಿಸುವ ಕ್ರೀಮು ಬಳಸಿದವರ ಮೂತ್ರಪಿಂಡವೇ ಕೆಟ್ಟದ್ದು 2023ರಲ್ಲಿ ಬೆಳಕಿಗೆ ಬಂತು. ಲೇಬಲ್ಲಿಲ್ಲದ ಡಬ್ಬಿ ಮಾರುವವಳನ್ನು ನಾನು ಬ್ಯೂಟಿಷಿಯನ್ ಎನ್ನಲಾರೆ, ಅವಳ ಗೋಡೆಯಲ್ಲಿ ಎಷ್ಟು ಸರ್ಟಿಫಿಕೇಟ್ ಇದ್ದರೂ.

ಹಣ ಇರುವುದು ಮದುವೆಯಲ್ಲಿ. ಮುಹೂರ್ತ ಬೆಳಿಗ್ಗೆ ಆರಕ್ಕಿದ್ದರೆ ಪೆಟ್ಟಿಗೆ ಹೊತ್ತು ರಾತ್ರಿ ಎರಡೂವರೆಗೆ ಛತ್ರ ಸೇರಬೇಕು. ಧಾರೆಗೆ ಒಂದು ಅಲಂಕಾರ, ಆರತಕ್ಷತೆಗೆ ಇನ್ನೊಂದು. ಹೋಮದ ಹೊಗೆ, ಬೆವರು, ಕಳಿಸಿಕೊಡುವಾಗಿನ ಅಳು, ವಿಡಿಯೊದವರ ಲೈಟು, ಎಲ್ಲಕ್ಕೂ ತಡೆಯಬೇಕು. ಅದರ ಮೇಲೆ ಸೀರೆ ನೆರಿಗೆ, ಮೊಗ್ಗಿನ ಜಡೆ. ಹಿಂದೆ ಮನೆಯ ಅಜ್ಜಿಯೊಬ್ಬಳು ಹುಡುಗಿಯನ್ನು ಗಂಟೆಗಟ್ಟಲೆ ಕೂರಿಸಿ, ಬಾಳೆಪಟ್ಟೆಯ ಆಧಾರಕ್ಕೆ ಮಲ್ಲಿಗೆ ಮೊಗ್ಗು ಹೊಲಿಯುತ್ತಿದ್ದಳು. ಆಮೇಲೆ ಸ್ಟುಡಿಯೊಗೆ ಹೋಗಿ, ಬೆನ್ನ ಹಿಂದೆ ಕನ್ನಡಿ ಇಟ್ಟು ಜಡೆ ಕಾಣುವಂತೆ ಫೋಟೊ. ಈಗ ಜಡೆ ಹಿಂದಿನ ಸಂಜೆಯೇ ಹೂವಿನವರಲ್ಲಿ ತಯಾರಾಗಿ, ಬೆಳಿಗ್ಗೆ ಪಿನ್ನು ಚುಚ್ಚಿ ಕೂರಿಸಿದರೆ ಮುಗಿಯಿತು. ಭಾರ ತಡೆಯುವಂತೆ ಕೂರಿಸುವುದೇ ಒಂದು ವಿದ್ಯೆ.

ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಈ ಆದಾಯ ಇಲ್ಲ. ಮಂಗಳವಾರ ಕತ್ತರಿ ಮುಟ್ಟಿಸಿಕೊಳ್ಳದವರೂ ಇದ್ದಾರೆ. ಬಾಡಿಗೆಗೆ ಮಾತ್ರ ಪಂಚಾಂಗವಿಲ್ಲ. ಹೊಸದಾಗಿ ಅಂಗಡಿ ಇಟ್ಟವರು ಮುಚ್ಚುವುದು ಸಾಮಾನ್ಯವಾಗಿ ಮೊದಲ ಆಷಾಢದಲ್ಲಿ. ಅದಕ್ಕಾಗಿ ಬ್ರೈಡಲ್ ಬುಕಿಂಗಿಗೆ ಅಡ್ವಾನ್ಸ್ ಪಡೆಯುವುದಕ್ಕೂ, ಟ್ರಯಲ್ ಮೇಕಪ್ಪಿಗೆ ದುಡ್ಡು ಕೇಳುವುದಕ್ಕೂ ನಾಚಬಾರದು. ನಮ್ಮವರು ಇವೆರಡರಲ್ಲೂ ತೀರಾ ಸಂಕೋಚದವರು.

ಬೆಂಗಳೂರಿನಲ್ಲಿ ಬಾಡಿಗೆಯ ಗೋಜಿಲ್ಲದ ದಾರಿ ಆ್ಯಪ್. ಭಾರದ ಬ್ಯಾಗು ಹೊತ್ತು ಸ್ಕೂಟಿಯಲ್ಲಿ ಮನೆಮನೆಗೆ ಹೋಗಿ, ಮಂಚದ ಮೇಲೆ ಹಾಳೆ ಹಾಸಿ ವ್ಯಾಕ್ಸ್ ಮಾಡಿ ಬರುವ ಸಾವಿರಾರು ಮಂದಿ ಈಗಿದ್ದಾರೆ. ಸ್ವಂತ ಅಂಗಡಿಗಿಂತ ಬೇಗ ದುಡ್ಡು ಕಾಣುತ್ತದೆ, ನಿಜ. ಆದರೆ ದರ ಗೊತ್ತು ಮಾಡುವುದು ಕಂಪನಿ, ಕಮಿಷನ್ ಹಿಡಿಯುವುದು ಕಂಪನಿ, ರೇಟಿಂಗ್ ಇಳಿದರೆ ಕೆಲಸ ನಿಲ್ಲಿಸುವುದೂ ಕಂಪನಿ. 2021ರಲ್ಲಿ ಗುರುಗ್ರಾಮದಲ್ಲಿ, ಇಂಥ ಆ್ಯಪ್ ನಡೆಸುವ ಅರ್ಬನ್ ಕಂಪನಿಯ ಕಚೇರಿಯ ಮುಂದೆ ಬ್ಯೂಟಿಷಿಯನ್ನರು ಧರಣಿ ಕೂತದ್ದು ಇದೇ ಕಾರಣಕ್ಕೆ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದು, ಪ್ರತಿ ವಹಿವಾಟಿನಿಂದ ಕಂಪನಿಗಳು ಕಲ್ಯಾಣ ಶುಲ್ಕ ಕಟ್ಟಬೇಕೆಂದು ವಿಧಿಸಿದೆ. ಅದು ಈ ಹೆಂಗಸರ ಬ್ಯಾಂಕ್ ಖಾತೆಗೆ ಯಾವ ರೂಪದಲ್ಲಿ ತಲುಪುತ್ತದೆಂಬುದರ ಮೇಲೆ, ನಗರದ ಹುಡುಗಿಯರು ಆ್ಯಪ್ ಹಿಡಿಯುತ್ತಾರೋ ಸ್ವಂತ ಬೋರ್ಡು ಬರೆಸುತ್ತಾರೋ ಎಂಬುದು ನಿಂತಿದೆ.